ಮಗುಚಿಟ್ಟ ಮುಚ್ಚಳ

ಮಾರ್ಚ್ ೩, ಸೋಮವಾರ

ಬರೆಯುವುದು ನನ್ನ ಜಾಯಮಾನವಲ್ಲ. ಎದುರಂಗಡಿಯ ಗಡಿಯಾರ ರಿಪೇರಿಯವರು ಹೇಳಿದ್ದಕ್ಕೆ ಕೂತಿದ್ದೇನೆ. “ಯಾಕೆ ಕೊಂಡೆ, ಯಾಕೆ ಮಾರಿದೆ ಅಂತ ದಿನಾ ಬರೆದಿಡಿ. ಇಲ್ಲಾಂದ್ರೆ ಒಂದೇ ಗುಂಡಿಗೆ ಎರಡು ಸಲ ಬೀಳ್ತೀರಿ” ಎಂದರು. ಬೇಕರಿಯ ಹಳೆಯ ಆರ್ಡರ್ ಪುಸ್ತಕದ ಹಿಂಬದಿ ಖಾಲಿ ಇತ್ತು, ಅಷ್ಟು ಸಾಕು.

ಈಗ ಬೆಳಗಿನ ಜಾವ ನಾಲ್ಕು. ಇನ್ನೂರು ಬ್ರೆಡ್ಡಿನ ಹಿಟ್ಟು ನಾದಿ ಒದ್ದೆ ಬಟ್ಟೆ ಮುಚ್ಚಿದ್ದೇನೆ. ಅದು ಹುದುಗಿ ಉಬ್ಬಲು ಒಂದೂವರೆ ಗಂಟೆ ಬೇಕು. ಆ ಒಂದೂವರೆ ಗಂಟೆ ನನ್ನದು. ಷೇರು ಪೇಟೆಯ ಬಾಗಿಲು ತೆರೆಯುವುದು ಒಂಬತ್ತರ ಮೇಲೆ. ಆದರೆ ಪೇಟೆ ಮೇಲಕ್ಕೋ ಕೆಳಕ್ಕೋ ಎಂದು ಅದರ ಸೂಚ್ಯಂಕದ ಮೇಲೆ ಬೆಲೆ ಕಟ್ಟುವ ಫ್ಯೂಚರ್ಸ್ ವ್ಯಾಪಾರ ಹೆಚ್ಚುಕಡಿಮೆ ಹಗಲೂ ರಾತ್ರಿ ನಡೆಯುತ್ತಲೇ ಇರುತ್ತದೆ. ಹಗಲು ಹೊತ್ತು ದೊಡ್ಡವರ ನೂಕುನುಗ್ಗಲು. ಈ ಹೊತ್ತಿನಲ್ಲಿ ಜನ ಕಡಿಮೆ. ಜಗತ್ತೆಲ್ಲ ಮಲಗಿರುವಾಗ ಎದ್ದಿರುವವನಿಗೆ ಒಂದಿಷ್ಟು ಲಾಭ ಸಿಗಲೇಬೇಕಲ್ಲ, ಇಲ್ಲದಿದ್ದರೆ ಭಟ್ಟಿಯವನಾಗಿ ಹುಟ್ಟಿದ್ದಕ್ಕೆ ಏನು ಸಾರ್ಥಕ?

ನಿನ್ನೆ ಊಟದ ಹೊತ್ತಿಗೆ ಮಾವ ಹೇಳಿದ್ದು ಇನ್ನೂ ತಲೆಯಲ್ಲಿ ಕೊರೆಯುತ್ತಿದೆ. “ನನ್ನ ಭುಜ ಇನ್ನು ಏಳಲ್ಲ. ಈ ತಿಂಗಳ ಕೊನೇ ದಿನ ಹೇಳ್ತೀನಿ, ಬೇಕರಿ ನಿಮಗೆ ಕೊಡೋದೋ, ಪಕ್ಕದ ಚಪ್ಪಲಿ ಅಂಗಡಿಯವರಿಗೆ ಬಾಡಿಗೆಗೆ ಬಿಡೋದೋ.” ಹನ್ನೊಂದು ವರ್ಷ ಈ ಭಟ್ಟಿಯ ಮುಂದೆ ಬೆಂದಿದ್ದೇನೆ. ಈಗ ಚಪ್ಪಲಿಯೂ ನಾನೂ ಒಂದೇ ತಕ್ಕಡಿಯಲ್ಲಿ!

ಇರಲಿ. ಸುಮ್ಮನೆ ಕೊಟ್ಟರೆ ನಾನು ಮನೆ ಅಳಿಯ. ದುಡ್ಡು ಕೊಟ್ಟು ತೆಗೆದುಕೊಂಡರೆ ಮಾಲೀಕ. ಹೊಸ ನಾದುವ ಯಂತ್ರಕ್ಕೆಂದು ಏಳು ವರ್ಷ ಕೂಡಿಟ್ಟದ್ದು ಇದೆ, ನಮ್ಮ ಬ್ರೆಡ್ಡಿನ ಲೆಕ್ಕದಲ್ಲಿ ಸಾವಿರದ ನಾನೂರು ಬ್ರೆಡ್ಡು. ನನಗೆ ಬ್ರೆಡ್ಡಿನ ಲೆಕ್ಕವೇ ಅರ್ಥವಾಗುವುದು. ಅದನ್ನೇ ಖಾತೆಗೆ ಹಾಕಿದ್ದೇನೆ. ಹೆಂಡತಿಗೆ ಹೇಳಿಲ್ಲ. ತಿಂಗಳ ಕೊನೆಗೆ ಎರಡರಷ್ಟು ಮಾಡಿ ಮಾವನ ಮುಂದಿಟ್ಟು ಹೇಳುವುದು, ಅದೇ ಹೇಳುವ ರೀತಿ.

ಮಾರ್ಚ್ ೫, ಬುಧವಾರ

ಕೊಂಡದ್ದು ಒಂದು ಕಾಂಟ್ರ್ಯಾಕ್ಟು. ಅದು ಒಂದು ಪಾಯಿಂಟ್ ಏರಿದರೆ ನನಗೆ ಎರಡು ಬ್ರೆಡ್ಡಿನ ಬೆಲೆ, ಇಳಿದರೆ ಎರಡು ಬ್ರೆಡ್ಡು ಹೋಯಿತು. ಯಾಕೆ ಕೊಂಡೆ? ಏರುತ್ತಿತ್ತು. ಯಾಕೆ ಮಾರಿದೆ? ಹಿಟ್ಟು ಉಬ್ಬಿತು. ಹನ್ನೆರಡು ಪಾಯಿಂಟ್, ಇಪ್ಪತ್ತನಾಲ್ಕು ಬ್ರೆಡ್ಡು. ಕೂತಲ್ಲಿ, ಕೈಗೆ ಹಿಟ್ಟಂಟದೆ!

ಗಡಿಯಾರದವರು ಸ್ಟಾಪ್ ಆರ್ಡರ್ ಹಾಕುವುದನ್ನು ಹೇಳಿಕೊಟ್ಟರು. ಬೆಲೆ ಇಷ್ಟಕ್ಕಿಂತ ಕೆಳಗಿಳಿದರೆ ತಾನಾಗಿಯೇ ಮಾರಿಬಿಡು ಎಂದು ಮೊದಲೇ ಬರೆದಿಡುವುದು. ನಾವು ಭಟ್ಟಿಯ ಹತ್ತಿರ ಇದ್ದಾಗ ಅದು ಕಾವಲು ನಿಂತಿರುತ್ತದೆ. ಇನ್ನೂ ಏನೇನೋ ಹೇಳುತ್ತಿದ್ದರು, ಅಷ್ಟರಲ್ಲಿ ಗಿರಾಕಿ ಬಂದರು.

ಮಾವ ಆರಕ್ಕೆ ಇಳಿದು ಬಂದರು. ದಿನವೂ ಮೊದಲ ಬ್ರೆಡ್ಡಿನ ಮೊದಲ ಹೋಳು ಅವರಿಗೆ. ಪೂರ್ತಿ ತಿಂದು, ತಲೆಯಾಡಿಸಿ, ಉಪ್ಪಿನ ಡಬ್ಬಿಯ ಕಡೆ ಕಣ್ಣು ಹಾಯಿಸಿ ಹೋದರು. ಅದು ಅವರ ಹಳೆಯ ಚಾಳಿ. ಹಿಟ್ಟಿಗೆ ಉಪ್ಪು ಹಾಕಿದ ತಕ್ಷಣ ಡಬ್ಬಿಯ ಮುಚ್ಚಳವನ್ನು ಮಗುಚಿ ಇಡಬೇಕು. ಸಂಜೆ ಅಂಗಡಿ ಮುಚ್ಚುವಾಗ ಸರಿ ಮಾಡಬೇಕು. ಹಾಕಿದೆನೋ ಇಲ್ಲವೋ ಎಂದು ತಲೆಯನ್ನು ಕೇಳಬಾರದು, ಮುಚ್ಚಳವನ್ನು ಕೇಳಬೇಕು, ಇದು ಅವರ ಶಾಸ್ತ್ರ. ಹನ್ನೊಂದು ವರ್ಷದಿಂದ ಮಗುಚುತ್ತಿದ್ದೇನೆ. ಉಪ್ಪು ಹಾಕಿದ್ದು ಮರೆಯುವವನು ತನ್ನ ಹೆಸರನ್ನೂ ಮರೆತಾನು.

ಒಂದು ಮಾತು ಮಾತ್ರ ಒಪ್ಪಬೇಕು. ಮಾವ ನನಗೆ ಯಾವತ್ತೂ ಮರ್ಯಾದೆ ಕಡಿಮೆ ಮಾಡಿದವರಲ್ಲ. ಮಗಳು, ಹಿಟ್ಟಿನ ಮೂಟೆಯವನು, ಅಂಗಡಿಯ ಬೆಕ್ಕು, ಎಲ್ಲರಿಗೂ ‘ನೀನು’. ಗಿರಾಕಿಗಳಿಗೆ ಮತ್ತು ನನಗೆ ಮಾತ್ರ ‘ನೀವು’. ಅದು ನಾನು ಸಂಪಾದಿಸಿಕೊಂಡದ್ದು.

ಮಾರ್ಚ್ ೧೧, ಮಂಗಳವಾರ

ಕೈಲಿದ್ದುದು ಏರುತ್ತಿತ್ತು, ಬಿಟ್ಟು ಏಳಲು ಮನಸ್ಸಾಗಲಿಲ್ಲ. ಹಿಟ್ಟು ಇಪ್ಪತ್ತು ನಿಮಿಷ ಹೆಚ್ಚು ಹುದುಗಿತು, ಅಷ್ಟೇ. ಅದಕ್ಕೆ ಎಂಟು ಗಂಟೆಗೆ ಬರುವ ನಿವೃತ್ತ ಮೇಷ್ಟ್ರು ಹೋಳನ್ನು ಬೆಳಕಿಗೆ ಹಿಡಿದು, “ಏನಪ್ಪಾ, ಇದರೊಳಗೆ ಗುಬ್ಬಿ ಗೂಡು ಕಟ್ಟಬಹುದಲ್ಲ” ಎಂದರು. ಗಲ್ಲಾದಲ್ಲಿ ಕೂತಿದ್ದ ಇವಳು ನಗಲಿಲ್ಲ, ನನ್ನನ್ನೇ ನೋಡಿದಳು. ಸೆಕೆ ಜಾಸ್ತಿಯಾಗಿದೆ, ಹಿಟ್ಟು ಬೇಗ ಉಬ್ಬುತ್ತದೆ ಎಂದೆ. ಮೇಷ್ಟ್ರಿಗೆ ಇರುವುದೇ ಆರು ಹಲ್ಲು, ಅವರದೇನು ತೀರ್ಪು.

ಮಾವ ಅರ್ಧ ಹೋಳು ತಿಂದು ಬಿಟ್ಟರು. ವಯಸ್ಸಾಯಿತು, ಹಸಿವು ಕಡಿಮೆ.

ಮೂವತ್ತೆಂಟು ಬ್ರೆಡ್ಡು ಲಾಭ.

ಮಾರ್ಚ್ ೧೨, ಬುಧವಾರ

ಏನೂ ಇಲ್ಲ. ಬೆಲೆ ಸತ್ತ ಹಾಗೆ ಮಲಗಿದೆ. ನಾನೇ ಅಲ್ಲಾಡಿಸಿ ಎಬ್ಬಿಸಬೇಕು ಅನ್ನಿಸಿತು.

ಮಾರ್ಚ್ ೧೪, ಶುಕ್ರವಾರ

ಐವತ್ತು ಪಾಯಿಂಟ್ ಇಳಿಯಿತು. ಐದೇ ನಿಮಿಷ. ಯಾವ ಸುದ್ದಿಯೂ ಇಲ್ಲ, ಗಾಳಿಯೂ ಇಲ್ಲ. ಈ ಹೊತ್ತಿನಲ್ಲಿ ಜನ ಕಡಿಮೆ ಎಂದು ಖುಷಿಪಟ್ಟಿದ್ದೆನಲ್ಲ, ಕಡಿಮೆ ಜನವಿದ್ದರೆ ಬೀಳುವಾಗ ಹಿಡಿಯುವವರೂ ಇರುವುದಿಲ್ಲ. ನೂರು ಬ್ರೆಡ್ಡು! ಅರ್ಧ ದಿನದ ಭಟ್ಟಿ! ಸಿಟ್ಟು ಬಂತು. ಎರಡು ಕಾಂಟ್ರ್ಯಾಕ್ಟು ಕೊಂಡೆ. ಕಳೆದದ್ದನ್ನು ಕಳೆದ ಜಾಗದಲ್ಲೇ ಹುಡುಕಬೇಕು.

ಬ್ರೆಡ್ಡಿನ ಬೆನ್ನು ಸ್ವಲ್ಪ ಕಪ್ಪಾಯಿತು. ಕೆಲವರಿಗೆ ಗರಿಗರಿಯೇ ಇಷ್ಟ.

ಮಾರ್ಚ್ ೧೬, ಭಾನುವಾರ

ಬೇಕರಿಗೂ ರಜೆ, ಪೇಟೆಗೂ ರಜೆ. ಇಂಥ ದಿನವನ್ನು ಯಾರು ಕಂಡುಹಿಡಿದರೋ.

ಊಟಕ್ಕೆ ಕೂತಾಗ ಇವಳು ನನ್ನ ಮೊಣಕಾಲನ್ನು ಕೈಯಿಂದ ಒತ್ತಿ ಹಿಡಿದಳು. “ಕಾಲು ಅಲ್ಲಾಡಿಸ್ಬೇಡಿ ರೀ, ತಟ್ಟೆಯೆಲ್ಲ ಕುಣೀತಿದೆ. ಏನಾಗಿದೆ ನಿಮಗೆ?”

“ಏನಾಗ್ಬೇಕು?”

“ನಿನ್ನೆ ರಾತ್ರಿ ನಿದ್ದೇಲಿ ‘ಮಾರು, ಮಾರು’ ಅಂತಿದ್ರಿ. ಬೇಕರಿ ಮಾರೋ ಯೋಚನೇನಾ?”

“ಬ್ರೆಡ್ ಮಾರೋವಾಗ ಮಾರು ಅನ್ನದೆ ಮತ್ತೇನಂತಾರೆ” ಎಂದು ಎದ್ದೆ.

ಸಂಜೆ ಚಪ್ಪಲಿ ಅಂಗಡಿಯವನು ಅಳತೆಯ ಟೇಪು ಹಿಡಿದು ಬಂದ. ಮಾವ ಅವನನ್ನು ಒಳಗೆ ಕರೆದುಕೊಂಡು ಹೋದರು. ಭಟ್ಟಿ ಇರುವ ಗೋಡೆಯನ್ನು ಅಡ್ಡಲಾಗಿ ಅಳೆದ, ಉದ್ದಕ್ಕೂ ಅಳೆದ, “ಇದನ್ನ ಒಡೆದ್ರೆ ಹೆಂಗಸರ ಚಪ್ಪಲಿಗೆ ಒಳ್ಳೆ ಜಾಗ ಆಗತ್ತೆ” ಎಂದ. ಆ ಭಟ್ಟಿಯ ಯಾವ ಮೂಲೆ ಹೆಚ್ಚು ಕಾಯುತ್ತದೆ, ಯಾವ ಇಟ್ಟಿಗೆ ಸಡಿಲವಾಗಿದೆ, ಕಣ್ಣು ಕಟ್ಟಿದರೂ ಹೇಳುತ್ತೇನೆ. ಅದು ಹೋದರೆ ನಾನು ಯಾರು?

ನಾಳೆ ಬೆಳಗಿನ ಜಾವ ಯಾವಾಗ ಆಗುತ್ತದೋ.

ಮಾರ್ಚ್ ೧೯, ಬುಧವಾರ

ಈಗ ಮೂರು ಕಾಂಟ್ರ್ಯಾಕ್ಟು. ಒಂದೂವರೆ ಗಂಟೆ ಸಾಲದು, ಹಾಗಾಗಿ ನಾದುವಾಗಲೂ ಫೋನು ಹಿಟ್ಟಿನ ಮೇಜಿನ ಮೇಲೇ ಇರುತ್ತದೆ. ಬೆಲೆ ನಾನು ಹೇಳಿದ ಗೆರೆ ಮುಟ್ಟಿದರೆ ಟಿಣ್ ಎನ್ನುತ್ತದೆ. ಪರದೆಯ ಮೇಲೆಲ್ಲ ನನ್ನ ಹೆಬ್ಬೆರಳಿನ ಹಿಟ್ಟು.

ಮಾವ ಇವತ್ತು ಹೋಳನ್ನು ತಿನ್ನದೆ ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು. ಆಮೇಲೆ ತಿನ್ನಲೆಂದೋ ಏನೋ. “ನಿದ್ದೆ ಸರಿಯಾಗಿ ಬರ್ತಿದೆಯಾ ನಿಮಗೆ?” ಎಂದು ಕೇಳಿದರು. ಬರುತ್ತಿದೆ ಎಂದೆ. ಎಷ್ಟು ಕಾಳಜಿ, ಎಷ್ಟು ಮರ್ಯಾದೆ.

ಮಾರ್ಚ್ ೨೧, ಶುಕ್ರವಾರ

ಲಾಭ. ನಷ್ಟ. ಲಾಭ. ಬರೆಯಲು ಪುರಸತ್ತಿಲ್ಲ.

ಮಾರ್ಚ್ ೨೫, ಮಂಗಳವಾರ, ಬೆಳಗಿನ ಜಾವ

ಬಂತು! ನಿನ್ನೆ ಕೊಂಡ ಮೂರನ್ನು ರಾತ್ರಿಯಿಡೀ ಇಟ್ಟುಕೊಂಡಿದ್ದೆ. ನಲವತ್ತು ಪಾಯಿಂಟ್ ಕೆಳಗೆ ಸ್ಟಾಪ್ ಆರ್ಡರ್ ಕಾವಲಿಗಿಟ್ಟು ಮಲಗಿದ್ದೆ. ಮೂರೂ ಇಪ್ಪತ್ತಕ್ಕೆ, ಹಿಟ್ಟಿಗೆ ಉಪ್ಪು ಹಾಕುವ ಹೊತ್ತಿಗೆ ಸರಿಯಾಗಿ ಟಿಣ್ ಎಂದಿತು. ಇಪ್ಪತ್ತೈದು ಪಾಯಿಂಟ್ ಮೇಲೆ! ಕೈ ಒರೆಸಿಕೊಂಡು ಮೂರನ್ನೂ ನಾನೇ ಮಾರಿಬಿಟ್ಟೆ. ನೂರೈವತ್ತು ಬ್ರೆಡ್ಡು, ಒಂದೇ ಏಟಿಗೆ! ಖಾತೆಯಲ್ಲೀಗ ಸಾವಿರದ ಐನೂರ ನಲವತ್ತು. ಭಟ್ಟಿಯ ಮುಂದೆ ಒಬ್ಬನೇ ಕುಣಿದೆ. ಬೆಕ್ಕು ನೋಡಿ ಹೊರಗೆ ಹೋಯಿತು.

ಹೊಸ ಯಂತ್ರ ಆಗಲೇ ಬಂದ ಹಾಗೆ, ಮಾವ ಚಪ್ಪಲಿಯವನಿಗೆ ನಮಸ್ಕಾರ ಹೇಳಿ ಕಳಿಸಿದ ಹಾಗೆ ಕಣ್ಣಿಗೆ ಕಟ್ಟುತ್ತಿದೆ.

ಇವತ್ತು ಹಿಟ್ಟು ಯಾಕೋ ಸೋಮಾರಿ. ಐದೂವರೆಯಾದರೂ ಅರ್ಧಕ್ಕೇ ನಿಂತಿದೆ. ಈಸ್ಟು ಹಳೆಯದಿರಬೇಕು. ಆರೂವರೆಗೆ ಆಸ್ಪತ್ರೆಯ ಗಾಡಿ ಬಂದುಬಿಡುತ್ತದೆ, ಅವರಿಗೇ ಎಂಬತ್ತು ಬ್ರೆಡ್ಡು. ಉಬ್ಬಿದಷ್ಟೇ ಸಾಕು, ಭಟ್ಟಿಗೆ ಹಾಕುತ್ತೇನೆ.

ಅದೇ ದಿನ, ಸಂಜೆ

ಪುಸ್ತಕ ತೆರೆಯಲು ಮನಸ್ಸಿರಲಿಲ್ಲ. ಆದರೂ ಬರೆಯುತ್ತೇನೆ.

ಏಳೂಕಾಲಿಗೆ ಆಸ್ಪತ್ರೆಯ ಅಡುಗೆಮನೆ ನೋಡಿಕೊಳ್ಳುವ ಅಮ್ಮ ಫೋನ್ ಮಾಡಿದರು. “ಏನ್ರೀ ಇದು, ಬ್ರೆಡ್ಡೋ ಉಪ್ಪಿನ ಗಡ್ಡೆಯೋ?”

“ಯಾಕಮ್ಮಾ?”

“ತಿಂದು ನೋಡಿದ್ರಾ ನೀವು? ಬಡಿಸೋಕೆ ಮುಂಚೆ ಒಂದು ಚೂರು ಬಾಯಿಗೆ ಹಾಕ್ಕೊಳ್ಳೋದು ನನ್ನ ಪುಣ್ಯದ ಅಭ್ಯಾಸ. ಉಪ್ಪು ಮುಟ್ಟಬಾರದವರು, ಹೃದಯದವರು, ಕಿಡ್ನಿಯವರು ಮಲಗಿರೋ ಜಾಗ ಕಣ್ರೀ ಇದು! ನಿಮ್ಮ ಮಾವ ನಿಂತು ಮಾಡ್ತಿದ್ದಾಗ ಇಪ್ಪತ್ತು ವರ್ಷದಲ್ಲಿ ಒಂದು ದಿನ ಹೀಗಾಗಿಲ್ಲ.”

ಒಂದು ಹೋಳು ಕಚ್ಚಿದೆ. ಉಗುಳಿದೆ. ಎರಡು ಸಲ ಉಪ್ಪು ಬಿದ್ದಿತ್ತು. ಟಿಣ್ ಎನ್ನುವುದಕ್ಕೆ ಮೊದಲೇ ಹಾಕಿದ್ದೆ, ಮಾರಿ ಬಂದು ಮತ್ತೆ ಹಾಕಿದ್ದೆ. ಹಿಟ್ಟು ಸೋಮಾರಿಯಾಗಿರಲಿಲ್ಲ. ಅಷ್ಟು ಉಪ್ಪಿನಲ್ಲಿ ಈಸ್ಟಿಗೆ ಉಸಿರು ಕಟ್ಟಿತ್ತು. ಮೊದಲ ವರ್ಷದ ಕಲಿಕೆಯವನಿಗೂ ಹೊಳೆಯುವ ವಿಷಯ, ನನಗೆ ಹೊಳೆಯಲಿಲ್ಲ. ನನ್ನ ಬ್ರೆಡ್ಡನ್ನು ನಾನೇ ಬಾಯಿಗೆ ಹಾಕಿಕೊಂಡು ಎಷ್ಟು ದಿನವಾಯಿತೆಂದು ಯೋಚಿಸಿದೆ. ನೆನಪಿಗೆ ಬರಲಿಲ್ಲ.

ಮಾವ ಇವತ್ತು ಕಣ್ಣಿನ ಡಾಕ್ಟರ ಹತ್ತಿರ ಹೊರಡಬೇಕಿತ್ತು, ಅದಕ್ಕೇ ಮೊದಲ ಹೋಳಿಗೆ ಬಂದಿರಲಿಲ್ಲ. ಇವಳು ಹೋಗಿ ಕರೆತಂದಳು. ಅವರು ಒಂದು ಚೂರು ಬಾಯಿಗೆ ಹಾಕಿಕೊಂಡರು, ನುಂಗಿದರು. ನನ್ನ ಕಡೆ ನೋಡಲಿಲ್ಲ. ನೇರವಾಗಿ ಉಪ್ಪಿನ ಡಬ್ಬಿಯ ಹತ್ತಿರ ಹೋದರು. ಮುಚ್ಚಳ ಸರಿಯಾಗಿಯೇ ಕೂತಿತ್ತು, ಯಾರೂ ಮುಟ್ಟದ ಹಾಗೆ. ಅದನ್ನು ಎತ್ತಿ, ಮಗುಚಿಟ್ಟು, ಹೊರಟುಹೋದರು. ಕೆನ್ನೆಗೆ ಎರಡು ಬಾರಿಸಿದ್ದರೆ ಎಷ್ಟೋ ವಾಸಿಯಾಗಿತ್ತು.

ಮಧ್ಯಾಹ್ನವೆಲ್ಲ ಆಸ್ಪತ್ರೆಯ ಅಡುಗೆಮನೆಯ ಬಾಗಿಲಲ್ಲಿ ನಿಂತು ಕ್ಷಮೆ ಕೇಳಿದೆ. “ತಿಂಗಳ ಕೊನೇವರೆಗೆ ನೋಡ್ತೀನಿ” ಎಂದರು ಆ ಅಮ್ಮ. ಎಲ್ಲರಿಗೂ ತಿಂಗಳ ಕೊನೆಯೇ ಬೇಕು. ಇನ್ನೂರು ಬ್ರೆಡ್ಡನ್ನು ಮೂಟೆ ಕಟ್ಟಿ ಎಸೆದೆವು. ಫೋನಿನ ಕಡೆ ತಿರುಗಿಯೂ ನೋಡಲಿಲ್ಲ. ಹೇಗೂ ಎಲ್ಲ ಮಾರಿ ಆಗಿದೆಯಲ್ಲ.

ಮಾರ್ಚ್ ೨೬, ಬುಧವಾರ

ಸೊನ್ನೆ ಇರಬೇಕಾದ ಜಾಗದಲ್ಲಿ ಮೈನಸ್ ಮೂರು.

ಕಣ್ಣುಜ್ಜಿಕೊಂಡು ನೋಡಿದೆ. ಮೈನಸ್ ಮೂರು. ಅದರ ಪಕ್ಕದಲ್ಲಿ ಕೆಂಪು. ಗಡಿಯಾರದವರು ಅಂಗಡಿ ತೆರೆಯುವವರೆಗೆ ಬೀದಿಯಲ್ಲಿ ಶತಪಥ ಹಾಕಿದೆ. ಅವರು ಕನ್ನಡಕ ಹಣೆಗೇರಿಸಿ ಫೋನು ನೋಡಿದರು.

“ಕೈಯಾರೆ ಮಾರಿದ ಮೇಲೆ ಸ್ಟಾಪ್ ತೆಗೆದ್ರಾ?”

“ತೆಗೆಯೋದು ಅಂದ್ರೆ? ಮಾರಿಬಿಟ್ಟೆನಲ್ಲ, ಇನ್ನೇನು ತೆಗೆಯೋದು?”

“ಅಯ್ಯೋ ಮಾರಾಯ್ರೇ! ನೀವು ಮಾರಿದ್ದು ಅದಕ್ಕೆ ಹೇಗೆ ಗೊತ್ತಾಗತ್ತೆ? ಅದು ನಿಂತಲ್ಲೇ ನಿಂತಿತ್ತು. ಬೆಲೆ ಕೆಳಗಿಳೀತು, ನೀವು ಹೇಳಿದ ಹಾಗೇ ಮೂರು ಮಾರಿಬಿಡ್ತು. ಇಲ್ಲದ್ದನ್ನ ಮಾರಿದ ಹಾಗಾಯ್ತು. ಆಮೇಲೆ ಪೇಟೆ ಒಂದೇ ಸಮ ಏರಿದೆ, ಈಗ ಏರಿದ ಬೆಲೆಗೆ ಕೊಂಡು ತುಂಬಿಸ್ಬೇಕು. ಮೊದಲನೇ ದಿನಾನೇ ಹೇಳಿದ್ದೆನಲ್ಲ, ಹೊರಗೆ ಬಂದ ಮೇಲೆ ಕಾವಲಿನವನನ್ನೂ ಮನೆಗೆ ಕಳಿಸಿ ಅಂತ.”

ಗಿರಾಕಿ ಬಂದರೆಂದು ನಾನು ಕೇಳಿಸಿಕೊಳ್ಳದೆ ಹೋದ ಮಾತು ಅದು. ನಿನ್ನೆ ಆರು ಗಂಟೆಯಿಂದ, ನಾನು ಉಪ್ಪಿನ ಬ್ರೆಡ್ಡು ಹೊತ್ತು ಓಡಾಡುತ್ತಿದ್ದಷ್ಟು ಹೊತ್ತೂ, ಅದು ಏರುತ್ತಲೇ ಇತ್ತು. ನೂರ ತೊಂಬತ್ತು ಪಾಯಿಂಟ್. ಸಾವಿರದ ನೂರ ನಲವತ್ತು ಬ್ರೆಡ್ಡು. ಅಲ್ಲೇ ನಿಂತು ಮೂರನ್ನು ಕೊಂಡು ಲೆಕ್ಕ ಮುಚ್ಚಿದೆ. ಕಾವಲಿನವರು ಇನ್ಯಾರಾದರೂ ಉಳಿದಿದ್ದಾರಾ ಎಂದು ಮೂರು ಸಲ ನೋಡಿದೆ.

ಉಳಿದದ್ದು ನಾನೂರು. ಏಳು ವರ್ಷದ್ದು.

ಮಾರ್ಚ್ ೨೭, ಗುರುವಾರ

ಇವಳಿಗೆ ಹೇಳಿದೆ. ಅಳುತ್ತಾಳೆ ಎಂದುಕೊಂಡಿದ್ದೆ. ಗಲ್ಲಾದ ಮೇಜು ಒರೆಸುತ್ತಿದ್ದವಳು ಬಟ್ಟೆಯನ್ನು ಎತ್ತಿ ನನ್ನ ಮೇಲೆ ಎಸೆದಳು.

“ಆ ಯಂತ್ರಕ್ಕೆ ಅಂತ ನಾನು ಏಳು ವರ್ಷ ಒಂದೇ ಜೊತೆ ಚಪ್ಪಲಿ ಹಾಕ್ಕೊಂಡು ಓಡಾಡಿದೀನಿ. ಪಕ್ಕದಲ್ಲೇ ಚಪ್ಪಲಿ ಅಂಗಡಿ ಇಟ್ಕೊಂಡು!”

“ನಿಮ್ಮಪ್ಪನ ಮುಂದೆ ತಲೆಯೆತ್ತಿ ನಿಲ್ಲೋಣ ಅಂತ ಮಾಡಿದೆ ಕಣೇ.”

“ಅಪ್ಪ ನಿಮ್ಮ ತಲೆ ಯಾವತ್ತು ಕೇಳಿದ್ರು ರೀ? ಅವರು ಕೇಳಿದ್ದು ಬ್ರೆಡ್ಡು. ಹೋಗಿ, ನೀವೇ ಹೇಳಿ. ಉಪ್ಪು ತಿಂದವನು ನೀರು ಕುಡೀಲೇಬೇಕು.”

ಇಷ್ಟು ಸಿಟ್ಟಿನಲ್ಲೂ ಆ ಗಾದೆಯೇ ನೆನಪಾಗಬೇಕೇ ಇವಳಿಗೆ. ಒಂದು ಗಳಿಗೆ ಇಬ್ಬರಿಗೂ ನಗು ಬಂತು. ಆಮೇಲೆ ಅತ್ತಳು. ನಾನೂ ಅತ್ತೆ.

ಮಾರ್ಚ್ ೨೯, ಶನಿವಾರ

ಎರಡು ದಿನ ಮಾವನ ಕೋಣೆಯ ಬಾಗಿಲವರೆಗೆ ಹೋಗಿ ವಾಪಸು ಬಂದೆ. ಇವತ್ತು ಒಳಗೆ ಹೋದೆ. ಭುಜಕ್ಕೆ ಬಿಸಿನೀರಿನ ಚೀಲ ಒತ್ತಿಕೊಂಡು ಕೂತಿದ್ದರು. ಎಲ್ಲ ಹೇಳಿದೆ. ಯಂತ್ರದ ದುಡ್ಡು, ಫ್ಯೂಚರ್ಸು, ಸ್ಟಾಪು, ಮೈನಸ್ ಮೂರು. ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಒಂದೇ ಪ್ರಶ್ನೆ ಕೇಳಿದರು.

“ಹಿಟ್ಟು ಹುದುಗೋ ಹೊತ್ತಲ್ಲಿ ನೀವು ಈ ಕೆಲಸ ಮಾಡ್ತಿದ್ರಿ?”

“ಹೂಂ.”

“ಆ ಹೊತ್ತಲ್ಲಿ ನಾನೇನು ಮಾಡ್ತಿದ್ದೆ ಗೊತ್ತಾ? ನಲವತ್ತು ವರ್ಷ?”

ನಾದಿದ್ದರ ಲೆಕ್ಕ ನೋಡುತ್ತಿದ್ದಿರಬೇಕು, ಭಟ್ಟಿ ಹದ ಮಾಡುತ್ತಿದ್ದಿರಬೇಕು ಎಂದುಕೊಂಡೆ.

“ಮೂಟೆ ಮೇಲೆ ಮಲಗಿ ಗೊರಕೆ ಹೊಡೀತಿದ್ದೆ. ಹಿಟ್ಟು ತನ್ನ ಕೆಲಸ ಮಾಡೋವಾಗ ನಮಗೇನು ಕೆಲಸ ಅಲ್ಲಿ? ಹೋಗಿ, ಊಟ ಮಾಡಿ.”

ಬೈಯಲಿಲ್ಲ. ಗಿರಾಕಿಯನ್ನು ಕಳಿಸಿದ ಹಾಗೆ ಕಳಿಸಿದರು. ಬೇಕರಿ ಹೋಯಿತು ಎಂದು ಆಗಲೇ ಗೊತ್ತಾಯಿತು. ಕೆಳಗಿಳಿದು ಬಂದು ಭಟ್ಟಿಯ ಬಾಯಿಯ ಸಡಿಲ ಇಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ನಿಂತೆ. ಇನ್ನೂ ಬಿಸಿಯಿತ್ತು.

ಮಾರ್ಚ್ ೩೧, ಸೋಮವಾರ

ಮೂರು ಗಂಟೆಗೆ ಬಂದರೆ ಬೇಕರಿಯ ದೀಪ ಆಗಲೇ ಉರಿಯುತ್ತಿತ್ತು. ಚಪ್ಪಲಿಯವನು ಇಷ್ಟು ಬೇಗ ಗೋಡೆ ಒಡೆಯಲು ಬಂದನೇ ಎಂದು ಓಡಿದೆ. ಒಳಗೆ ಮಾವ. ಒಂದೇ ಕೈಯಲ್ಲಿ ಹಿಟ್ಟು ಜರಡಿ ಹಿಡಿಯುತ್ತಿದ್ದರು.

“ಬಂದ್ಯಾ? ಕೈ ತೊಳ್ಕೋ.”

ಬೆಕ್ಕಿಗೆ ಹೇಳಿದರೇನೋ ಎಂದು ಹಿಂದೆ ತಿರುಗಿ ನೋಡಿದೆ. ಬೆಕ್ಕು ಇರಲಿಲ್ಲ.

“ನಿನಗೇ ಕಣೋ ಹೇಳ್ತಿರೋದು. ಕಿವೀನೂ ಮಾರಿಬಿಟ್ಯಾ?”

ಕೈ ತೊಳೆದುಕೊಂಡೆ. ಅವರು ಜರಡಿಯಿಂದ ಕಣ್ಣೆತ್ತದೆ ಹೇಳಿದರು. “ಚಪ್ಪಲಿಯವನಿಗೆ ಆಗಲ್ಲ ಅಂದೆ. ನಿನಗೂ ಕೊಡಲ್ಲ. ಇನ್ನೂ ಹುದುಗಿಲ್ಲ ನೀನು. ಆರು ತಿಂಗಳು ನನ್ನ ಪಕ್ಕದಲ್ಲಿ ನಿಂತ್ಕೋ. ಆಸ್ಪತ್ರೆಯವರಿಗೆ ಫೋನ್ ಮಾಡಿ ನಾನು ಇರ್ತೀನಿ ಅಂದಿದೀನಿ. ನಾದು, ನನ್ನ ಭುಜ ಆಗಲ್ಲ.”

ನಾದಿದೆ. ಹಳೆಯ ಯಂತ್ರ ಇವತ್ತೂ ಮುಷ್ಕರ ಹೂಡಿದ್ದರಿಂದ ಇನ್ನೂರು ಬ್ರೆಡ್ಡಿನ ಹಿಟ್ಟನ್ನು ಕೈಯಲ್ಲೇ ನಾದಿದೆ. “ಮೊಣಕೈಯಿಂದ ಅಲ್ಲ ಕತ್ತೆ, ಸೊಂಟದಿಂದ” ಎಂದರು. ಹನ್ನೊಂದು ವರ್ಷದಲ್ಲಿ ಇದನ್ನು ಯಾಕೆ ಒಮ್ಮೆಯೂ ಹೇಳಲಿಲ್ಲ ಎಂದು ಕೇಳಿದೆ. “ಅಳಿಯಂದಿರಿಗೆ ಹಾಗೆಲ್ಲ ಹೇಳಕ್ಕಾಗತ್ತಾ?” ಎಂದರು.

“ಉಪ್ಪು ಹಾಕಿದ್ಯಾ?”

“ಹಾಕಿದೆ.”

“ತಲೇನ ಕೇಳ್ಬೇಡ.”

ಮುಚ್ಚಳ ನೋಡಿದೆ. ಮಗುಚಿತ್ತು. “ಹಾಕಿದೀನಿ” ಎಂದೆ.

ಈಗ ನಾಲ್ಕೂಕಾಲು. ಮಾವ ಮೂಟೆಗಳ ಮೇಲೆ ಮಲಗಿದ್ದಾರೆ, ಗೊರಕೆಗೆ ಭಟ್ಟಿಯ ಬಾಗಿಲೂ ಅದುರುತ್ತಿದೆ. ಹೊಸ ಯಂತ್ರ ಹೋಯಿತು. ಬೇಕರಿ ಸಿಗಲಿಲ್ಲ. ಸಂಪಾದಿಸಿಕೊಂಡಿದ್ದ ಒಂದು ‘ನೀವು’ ಕೂಡ ಹೋಯಿತು. ಏಕವಚನ ಸಾಲದೆಂದು ಕತ್ತೆ ಬೇರೆ! ಬೇಜಾರಾಗಬೇಕಿತ್ತು. ಇವಳಿಗೆ ಹೇಳಿ ಜಗಳ ಮಾಡಬೇಕು, ಎದ್ದ ಮೇಲೆ.

ಫೋನು ಅಂಗಿಯ ಜೇಬಿನಲ್ಲಿ, ಅಂಗಿ ಮೊಳೆಯ ಮೇಲೆ. ಸೂಚ್ಯಂಕ ಎಲ್ಲಿದೆಯೋ ಗೊತ್ತಿಲ್ಲ. ಯಾಕೆ ಕೊಂಡೆ, ಯಾಕೆ ಮಾರಿದೆ ಎಂದು ಬರೆಯಲು ಇವತ್ತು ಏನೂ ಇಲ್ಲ. ಮಾವ ಪಕ್ಕದಲ್ಲಿ ಎರಡು ಮೂಟೆಯಷ್ಟು ಜಾಗ ಬಿಟ್ಟಿದ್ದಾರೆ. ನಿದ್ದೆ ಎಳೆಯುತ್ತಿದೆ.